ಏನಾತು, ಅಷ್ಟ ಹೇಳ್ರಿ

ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ರೋಲಿಂಗ್ ಮಿಲ್ಲಿನ ಕಡೆಯಿಂದ ಒಬ್ಬ ಹೆಂಗಸು ನಡೆದು ಬರುತ್ತಿದ್ದರು. ಕಾಟನ್ ಸೀರೆ, ಅದರ ಕೆಳಗೆ ಕಪ್ಪು ಸೇಫ್ಟಿ ಶೂ, ತಲೆಯ ಮೇಲೆ ಬಿಳಿ ಹೆಲ್ಮೆಟ್, ಕೈಯಲ್ಲಿ ಟೀ ಫ್ಲಾಸ್ಕು. ಕ್ಯಾಂಟೀನಿನವರಿರಬೇಕು ಅಂದುಕೊಂಡು, ‘ಅಕ್ಕಾ, ಒಂದು ಟೀ ಕೊಡ್ರಿ’ ಎಂದೆ. ಅವರು ಮರುಮಾತಿಲ್ಲದೆ ಮುಚ್ಚಳಕ್ಕೆ ಟೀ ಬಗ್ಗಿಸಿ ಕೊಟ್ಟರು. ನಾನು ಕುಡಿದು ಮುಗಿಸುವ ತನಕ ನಿಂತಿದ್ದು, ಮುಚ್ಚಳ ವಾಪಸ್ ಇಸಿದುಕೊಂಡು, ‘ಹೊಸಾ ಅಸಿಸ್ಟೆಂಟ್ ನೀನ ಏನಪಾ? ಬಾ, ನಿನ್ನ ಟೇಬಲ್ ತೋರಸ್ತೀನಿ’ ಎಂದರು. ಮುಂದೆ ಆರು ವರ್ಷ ನನಗೆ ಮೇಲಧಿಕಾರಿಯಾಗಿದ್ದವರು ಅವರೇ, ಕಾರ್ಖಾನೆಯ ವೆಲ್‌ಫೇರ್ ಆಫೀಸರ್.

ಹೋದ ತಿಂಗಳು ಕಂಪ್ಲಿಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳುವುದೂ ಬೇಡ, ಹೆಸರು ಹಾಕಿ ದೂರುವುದೂ ಬೇಡ ಅನ್ನುವುದು ಅವರ ಖಂಡಿತವಾದ ಮಾತಾಗಿತ್ತು. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ.

ನಮ್ಮದು ತೋರಣಗಲ್ಲಿನಿಂದ ಕುರೆಕುಪ್ಪದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಕಾರ್ಖಾನೆ. ಕಬ್ಬಿಣದ ಗಟ್ಟಿಗಳನ್ನು ಕಾಯಿಸಿ, ಎಳೆದು, ಸರಳು ಮಾಡುತ್ತಿದ್ದರು. ಈಗ ಮಾಲೀಕರೂ ಬದಲಾಗಿದ್ದಾರೆ, ಬೋರ್ಡೂ ಬದಲಾಗಿದೆ. ಕಾಯಂ ನೌಕರರಿಗಿಂತ ಕಾಂಟ್ರಾಕ್ಟಿನವರೇ ಹೆಚ್ಚು. ಅದಿರು ಲಾರಿಗಳ ಕೆಂಪು ಧೂಳು ಎಲ್ಲರ ಬುತ್ತಿಯ ಮೇಲೂ ಒಂದೇ ಸಮ ಕೂರುತ್ತಿತ್ತು. ಗೇಟಿನ ಪಕ್ಕದಲ್ಲಿ ಒಂದು ಸಲಹಾ ಪೆಟ್ಟಿಗೆ ನೇತುಹಾಕಿದ್ದರು. ಬೀಗದ ಕೈ ನನ್ನ ಬಳಿ. ಮೊದಲ ಸಲ ತೆಗೆದಾಗ ಅದರಲ್ಲಿ ಗುಟ್ಕಾ ಚೀಟಿಗಳೂ ಒಂದು ಹಲ್ಲಿಯೂ ಇದ್ದವು. ಅದನ್ನು ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ‘ನಮ್ಮ ಮಂದಿ ಬರೆಯೋರಲ್ಲಪಾ, ಹೇಳೋರು. ಹೇಳಾಕ ಜಾಗಾ ಎಲ್ಲೈತಿ ಇಲ್ಲಿ?’ ಎಂದರು.

ಜಾಗವನ್ನು ಅವರೇ ಮಾಡಿದರು. ಮೊದಲು ತೂಕದ ಕಾಟಾ ಇದ್ದ ಒಂದು ರೂಮು ಖಾಲಿ ಬಿದ್ದಿತ್ತು. ಅದನ್ನು ಗುಡಿಸಿಸಿ, ಬೆಂಚು ಹಾಕಿಸಿ, ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಒಂದು ಶಿಫ್ಟಿನವರು ಹೊರಡುವ ಇನ್ನೊಂದು ಶಿಫ್ಟಿನವರು ಬರುವ ಹೊತ್ತಿಗೆ, ಇಷ್ಟವಿದ್ದವರು ಬಂದು ಕೂರಬಹುದು ಎಂದು ಹೇಳಿಕಳಿಸಿದರು. ಟೀ ಮತ್ತು ಮಂಡಕ್ಕಿ-ಮಿರ್ಚಿ. ಮೊದಲ ಬುಧವಾರ ಮಿರ್ಚಿಗಾಗಿಯೇ ಸುಮಾರು ಜನ ಬಂದರು. ಬಂದವರು ಗೋಡೆಗೆ ಒರಗಿ, ಯಾವಾಗ ಭಾಷಣ ಶುರುವಾಗುತ್ತದೋ ಎಂದು ಕಾದರು.

ಭಾಷಣ ಶುರುವಾಗಲಿಲ್ಲ. ಮೇಡಂ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾವು ಇನ್ನೊಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಕಾಲದ ಒಂದು ಸಂಗತಿ ಹೇಳಿದರು. ಒಂದು ಬೆಳಿಗ್ಗೆ ಪಾಪಿನಾಯಕನಹಳ್ಳಿಯ ಒಬ್ಬ ಹೆಲ್ಪರ್ ಇವರ ಕಿಟಕಿಗೆ ಬಂದು, ತಲೆ ಸುತ್ತುತ್ತಿದೆ, ಮನೆಗೆ ಹೋಗಬೇಕು ಎಂದ. ಸೂಪರ್‌ವೈಸರ್ ಸಹಿ ಇಲ್ಲದೆ ಗೇಟ್ ಪಾಸ್ ಕೊಡುವಂತಿರಲಿಲ್ಲ. ‘ಸಹಿ ಹಾಕಿಸ್ಕೊಂಡು ಬಾ’ ಎಂದು ಇವರು ಕಳಿಸಿದರು. ಆತ ಸಹಿಗೆ ಹೋದವನು ಬೈಸಿಕೊಂಡು ಕೆಲಸಕ್ಕೇ ಹೋದ. ಏಣಿಯ ಮೇಲೆ ತಲೆ ಸುತ್ತಿ ಬಿದ್ದ. ಸೊಂಟ ಮುರಿಯಿತು.

‘ಮೂರು ದಿನಕ್ಕ ರಿಪೋರ್ಟ್ ಬಂತು, ಟೈಪ್ ಮಾಡಾಕ’ ಎಂದರು ಮೇಡಂ. ‘ಅದರಾಗ ಒಂದು ಸಾಲು ಇತ್ತು. ಕಾರ್ಮಿಕನು ತನ್ನ ಅನಾರೋಗ್ಯದ ಬಗ್ಗೆ ಯಾರಿಗೂ ತಿಳಿಸಿರಲಿಲ್ಲ ಅಂತ. ನಂಗ ತಿಳಿಸಿದ್ದ. ನನ್ನ ಕಿಟಕಿಗೆ ಬಂದು ನಿಂತು ತಿಳಿಸಿದ್ದ. ಆ ಸಾಲನ್ನ ನಾನ ಟೈಪ್ ಮಾಡಿದೆ. ಒಂದೂ ತಪ್ಪಿಲ್ದಂಗ ಮಾಡಿದೆ.’

ಹಿಂದಿನಿಂದ ಯಾರೋ ಕೇಳಿದರು: ‘ಆಮ್ಯಾಲೇನಾತ್ರಿ?’

‘ಹನ್ನೊಂದು ವರ್ಷ ಆದಮ್ಯಾಲ ಆತನ ಮನಿಗೆ ಹೋಗಿ ಹೇಳಿದೆ. ಆತ ಏನಂದ ಗೊತ್ತೇನು? ನಂಗ ಗೊತ್ತಿತ್ತವಾ, ನೀ ಯಾವಾಗ ಬರ್ತಿ ಅಂತ ಕುಂತಿದ್ದೆ ಅಂದ.’

ಇಷ್ಟು ಹೇಳಿ ಅವರು ಎಲ್ಲರಿಗೂ ಇನ್ನೊಂದು ಸುತ್ತು ಟೀ ಹಾಕಿದರು. ನೀತಿ ಹೇಳಲಿಲ್ಲ. ಎದ್ದು ಹೋಗುವಾಗ ಮಾತ್ರ, ‘ಮುಂದಿನ ಬುಧವಾರ ನಿಮ್ಮದು ಹೇಳ್ರಿ. ದೂರು ಬ್ಯಾಡ, ಸಲಹೆನೂ ಬ್ಯಾಡ. ಏನಾತು, ಅಷ್ಟ ಹೇಳ್ರಿ. ಕಥಿ ಹೊರಗ ಹೋಗಬಹುದು, ಹೆಸರು ಈ ಬಾಗಿಲಾ ದಾಟಂಗಿಲ್ಲ’ ಎಂದರು.

ಹೇಳಿಸುವುದರಲ್ಲಿ ಅವರಿಗೆ ಒಂದು ಹಟವಿತ್ತು. ಯಾರಾದರೂ ‘ಇಲ್ಲಿ ನಮಗ ಮರ್ಯಾದಿನ ಇಲ್ರಿ’ ಎಂದರೆ ತಲೆಯಾಡಿಸಿ ಬಿಡುತ್ತಿರಲಿಲ್ಲ. ‘ಯಾವತ್ತು? ನೀ ಎಲ್ಲಿ ನಿಂತಿದ್ದಿ? ಅವರು ಏನಂದ್ರು, ಅವರು ಅಂದಂಗ ಹೇಳು’ ಎಂದು ಕೆದಕುತ್ತಿದ್ದರು. ಹೇಳುವವನು ಬೇಸರದಿಂದ ಶುರುಮಾಡಿದರೂ ಸ್ವಲ್ಪ ಹೊತ್ತಿಗೆ ಆ ದಿನಕ್ಕೇ ಹೋಗಿ ನಿಂತಿರುತ್ತಿದ್ದ. ಆಂಧ್ರದ ಕಡೆಯ ಒಬ್ಬ ವೆಲ್ಡರ್ ತನಗೆ ಕನ್ನಡ ಬರುವುದಿಲ್ಲವೆಂದು ಸಂಕೋಚಪಟ್ಟಾಗ, ಮೇಡಂ ತೆಲುಗಿನಲ್ಲೇ, ‘ಚೆಪ್ಪು ನಾಯನಾ, ಮಾ ಕಂಪ್ಲಿಲೋ ಅಂದರಿಕೀ ವಸ್ತುಂದಿ’, ಹೇಳಪ್ಪಾ, ನಮ್ಮ ಕಂಪ್ಲಿಯಲ್ಲಿ ತೆಲುಗು ಎಲ್ಲರಿಗೂ ಬರುತ್ತದೆ, ಎಂದು ನಗಿಸಿದರು. ಅವನು ಹೇಳಿದ್ದು ಅರ್ಧ ತಾಸು.

ಕಾರ್ಖಾನೆಯ ಕಸ ಗುಡಿಸುವ ದುರುಗಮ್ಮ ಎಷ್ಟೋ ವಾರ ಬಾಗಿಲ ಹೊರಗೇ ನಿಂತು ಕೇಳುತ್ತಿದ್ದಳು. ಒಂದು ದಿನ ಒಳಗೆ ಬಂದು, ತಾನು ಊಟ ಮಾಡುವುದು ಸೈಕಲ್ ಸ್ಟ್ಯಾಂಡಿನ ಹಿಂದೆ ಎಂದು ಹೇಳಿದಳು. ಸೇರಿದ ಹೊಸದರಲ್ಲಿ ಕ್ಯಾಂಟೀನಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ್ದಳಂತೆ. ‘ಬೈಲಿಲ್ರಿ ಯಾರೂ. ಒಬ್ಬೊಬ್ಬರ ಎದ್ದು ಆಕಡೆ ಬೆಂಚಿಗೆ ಹೋದ್ರು. ನಾ ಒಬ್ಬಾಕಿನ ಉಳದೆ. ರೊಟ್ಟಿ ನುಂಗಾಕ ಆಗಲಿಲ್ಲ. ಸುಮ್ನಾದೆ.’

ಮೇಡಂ ನೋಟೀಸು ಹಚ್ಚಬಹುದಿತ್ತು. ಹಚ್ಚಲಿಲ್ಲ. ಮರುದಿನ ತಮ್ಮ ಬುತ್ತಿ ಹಿಡಿದುಕೊಂಡು ದುರುಗಮ್ಮನ ಕೈ ಹಿಡಿದು ಕ್ಯಾಂಟೀನಿನ ನಟ್ಟನಡುವಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂತರು. ಆಕೆಯ ರೊಟ್ಟಿಯ ಜೊತೆಗಿನ ಚಟ್ನಿಪುಡಿ, ಶೇಂಗಾ ಹಿಂಡಿ, ಕೇಳಿ ಹಾಕಿಸಿಕೊಂಡರು. ನನ್ನನ್ನೂ ಕೂರಿಸಿದರು. ಮೊದಲ ವಾರ ಆ ಬೆಂಚಿನಲ್ಲಿ ನಾವು ಮೂವರೇ. ಆಮೇಲೆ ವೆಲ್ಡರ್ ಬಂದ. ಇನ್ನೂ ಆಮೇಲೆ ಜಾಗ ಸಾಲದೆ ಸರಿದು ಕೂರಬೇಕಾಯಿತು. ಎಲ್ಲರೂ ಬಂದರು ಎನ್ನಲಾರೆ. ಬರದವರು ಕೊನೆಯವರೆಗೂ ಬರಲಿಲ್ಲ.

ವಾರದ ಕಥೆಗಳನ್ನು ಮೇಡಂ, ಹೇಳಿದವರ ಹೆಸರಿಲ್ಲದೆ, ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರಿಗೆ ಕೊಡುತ್ತಿದ್ದರು. ಹಾಳೆಗಳ ನಕಲನ್ನು ನಾನು ಫೈಲು ಮಾಡುತ್ತಿದ್ದೆ. ಒಂದು ಸಂಜೆ ಆ ಫೈಲನ್ನು ನನ್ನ ಮುಂದೆ ಹರವಿ, ‘ಕಡೀ ಸಾಲು ಅಷ್ಟ ಓದು’ ಎಂದರು. ಒಂದೊಂದೇ ಹಾಳೆಯ ಕೊನೆಯ ಸಾಲು ಓದಿದೆ: ಸುಮ್ನಾದೆ. ಸುಮ್ನಿದ್ದೆ. ಏನೂ ಅನ್ಲಿಲ್ಲ. ಮತ್ತೆ ಸುಮ್ನಾದೆ. ‘ನೋಡಿದೇನು? ಎಲ್ಲಾರ ಕಥಿನೂ ಒಂದ ಕಡೆ ಬಂದು ನಿಲ್ತಾವು. ನಮ್ಮ ಫ್ಯಾಕ್ಟರಿ ರೋಗ ಇದು. ಮಷೀನ್ ಕೆಟ್ಟಿದ್ದಲ್ಲ, ಮಂದಿ ಕೆಟ್ಟಿದ್ದೂ ಅಲ್ಲ. ಇಲ್ಲಿ ಸುಮ್ನಿರೋದನ್ನ ಕಲಿಸ್ಯಾರ’ ಎಂದರು.

ಆ ರೋಗ ನನಗೂ ಇತ್ತು ಎಂಬುದು ಗೊತ್ತಾದದ್ದು ಹುಲಗಪ್ಪನ ವಿಷಯದಲ್ಲಿ.

ಹುಲಗಪ್ಪ ಕುರೆಕುಪ್ಪದವನು, ಕ್ರೇನ್ ಆಪರೇಟರ್. ಮಾತು ಕಮ್ಮಿ. ಒಂದು ಬುಧವಾರ ಬಂದು, ಕ್ರೇನಿನ ಕೊಕ್ಕೆ ಮೇಲಿನ ತುದಿ ಮುಟ್ಟುವ ಮೊದಲೇ ತಾನಾಗಿ ನಿಲ್ಲಿಸುವ ಸ್ವಿಚ್ಚು ಕೆಟ್ಟು ಮೂರು ವಾರವಾಯಿತು ಎಂದ. ರಿಪೇರಿ ಮಾಡಬೇಕೆಂದರೆ ಕ್ರೇನ್ ನಿಲ್ಲಿಸಬೇಕು, ಕೆಲಸ ನಿಲ್ಲುತ್ತದೆ. ಅದಕ್ಕೆ ಶಿಫ್ಟ್ ಸೂಪರ್‌ವೈಸರ್ ಆ ಸ್ವಿಚ್ಚಿಲ್ಲದೆಯೇ ಕ್ರೇನ್ ಓಡುವಂತೆ ತಂತಿ ಕಟ್ಟಿಸಿದ್ದಾರೆ. ಈಗ ಕೊಕ್ಕೆ ಎಲ್ಲಿ ನಿಲ್ಲಬೇಕು ಎನ್ನುವುದು ತನ್ನ ಕಣ್ಣಳತೆಯ ಮೇಲೆ ನಿಂತಿದೆ, ಒಂದು ಗೇಣು ತಪ್ಪಿದರೂ ಹಗ್ಗ ಹರಿದು ಭಾರವೆಲ್ಲ ಕೆಳಗೆ. ‘ರೆಪ್ಪಿ ಬಡಿಯಾಕ ಹೆದರಿಕಿ ಆಗತೈತ್ರಿ’ ಎಂದ.

ಮೇಡಂ ಅಂದೇ ಹಾಳೆ ಬರೆದುಕೊಟ್ಟರು. ಮರುದಿನ ಅವರು ರಜೆ. ಮ್ಯಾನೇಜರ್ ನನ್ನನ್ನು ಕರೆದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ‘ಈ ಸ್ವಿಚ್ಚಿನ ವಿಷಯ ಹೇಳಿದ್ದು ಯಾರು? ಬಯ್ಯೋಕಲ್ಲ ಮಾರಾಯ, ಒಳ್ಳೆ ಕೆಲಸ ಮಾಡಿದ್ದಾನೆ, ಬೆನ್ನು ತಟ್ಟೋಣ ಅಂತ’ ಎಂದರು. ನಂತರ ಬೇರೆ ಏನೋ ನೆನಪಾದವರಂತೆ, ‘ನಿಂದು ಪ್ರೊಬೇಷನ್ ಈ ತಿಂಗಳು ಮುಗಿಯುತ್ತೆ ಅಲ್ವಾ?’ ಎಂದರು.

ಅವರ ಮಾತನ್ನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಂಬಿದವನಂತೆ ಇರುವುದು ನನಗೆ ಅನುಕೂಲವಾಗಿತ್ತು. ಹೆಸರು ಹೇಳಿದೆ.

ಶನಿವಾರ ಹುಲಗಪ್ಪನನ್ನು ಕ್ರೇನಿನಿಂದ ಇಳಿಸಿ ಸ್ಕ್ರ್ಯಾಪ್ ಯಾರ್ಡಿಗೆ ಹಾಕಿದರು. ತುಕ್ಕು ಹಿಡಿದ ಚೂರುಗಳನ್ನು ಬಿಸಿಲಲ್ಲಿ ನಿಂತು ಬೇರ್ಪಡಿಸುವ ಕೆಲಸ. ಮುಂದಿನ ಬುಧವಾರ ರೂಮಿಗೆ ಬಂದವರು ನಾಲ್ಕೇ ಜನ. ಅವರೂ ಟೀ ಕುಡಿದು, ‘ಏನಿಲ್ರಿ ಈ ವಾರ, ಎಲ್ಲಾ ಬರೋಬ್ಬರಿ ಐತಿ’ ಎಂದು ಎದ್ದರು. ಮಿರ್ಚಿ ಹಾಗೇ ತಣ್ಣಗಾಯಿತು. ಮೇಡಂ ಖಾಲಿ ಬೆಂಚುಗಳನ್ನು ನೋಡುತ್ತ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವರಿಗೆ ಗೊತ್ತಾಗಿದೆ ಎಂದು ನನಗೆ ತಿಳಿಯಿತು.

‘ಮೇಡಂ, ನಾನು...’ ಎಂದು ಬಾಯಿ ತೆಗೆದೆ.

‘ನಂಗ ಹೇಳಬ್ಯಾಡ’ ಎಂದರು. ‘ನಂಗ ಹೇಳಿದ್ರ ನಿಂಗ ಹಗರ ಆಗತೈತಿ, ಅಷ್ಟ. ಬುಧವಾರ ಹೇಳು. ಇಲ್ಲಿ ಕುಂತು ಹೇಳು.’

‘ಯಾರೂ ಬರೋದಿಲ್ಲ ಮೇಡಂ.’

‘ಬರ್ತಾರ. ಅದು ನನ್ನ ಕೆಲಸ.’

ಬಾಗಿಲವರೆಗೆ ಹೋದವರು ತಿರುಗಿ ನಿಂತು, ‘ನಾ ಟೈಪ್ ಮಾಡಿದೆ, ನೀ ಬಾಯಿಲೆ ಹೇಳಿದಿ. ಫರಕು ಅಷ್ಟ. ನಂಗ ಹನ್ನೊಂದು ವರ್ಷ ಹಿಡೀತು. ನೀ ಅಷ್ಟು ತಡಾ ಮಾಡಬ್ಯಾಡ’ ಎಂದರು. ಅವರು ನನಗೆ ಬೈದದ್ದು ಇದೊಂದೇ, ಇದನ್ನು ಬೈಗುಳ ಎನ್ನಬಹುದಾದರೆ.

ಆ ಏಳು ದಿನ ಹೊಸಪೇಟೆಯಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿರುತ್ತಿತ್ತು. ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬುಧವಾರ ಎರಡು ಗಂಟೆಗೆ ರೂಮಿಗೆ ಹೋದರೆ ಬೆಂಚುಗಳು ತುಂಬಿದ್ದವು. ಹಿಂದಿನ ಸಾಲಿನಲ್ಲಿ ಹುಲಗಪ್ಪ ಕೂತಿದ್ದ. ಮೈಮೇಲೆಲ್ಲ ತುಕ್ಕಿನ ಪುಡಿ.

ನಾನು ಏನು ಹೇಳಿದೆ ಎನ್ನುವುದು ಪೂರ್ತಿ ನೆನಪಿಲ್ಲ. ಮೊದಲು ‘ಪರಿಸ್ಥಿತಿ ಹಂಗಿತ್ತು’ ಎಂದೇನೋ ಶುರುಮಾಡಿದೆ. ಮೇಡಂ ತಡೆದರು. ‘ಪರಿಸ್ಥಿತಿ ಬ್ಯಾಡ. ಅವರು ಏನು ಕೇಳಿದ್ರು? ನೀ ಏನಂದಿ?’ ಆಗ ಒಂದೊಂದೇ ಮಾತು ಹೇಳಿದೆ. ಪ್ರೊಬೇಷನ್ ಮಾತನ್ನೂ ಹೇಳಿದೆ. ಯಾರೂ ಸಮಾಧಾನ ಮಾಡಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ. ನಾನು ಮುಗಿಸಿದ ಮೇಲೆ ಎಲ್ಲರೂ ಹುಲಗಪ್ಪನ ಕಡೆ ತಿರುಗಿದರು.

ಅವನು ಕೈಯ ತುಕ್ಕು ಒರೆಸಿಕೊಂಡು, ‘ಹೇಳಿದ್ದು ಛಲೋ ಆತ್ರಿ’ ಎಂದ. ‘ಆದ್ರ ನಾ ಇನ್ನಾ ಸ್ಕ್ರ್ಯಾಪ್ ಯಾರ್ಡನಾಗ ಅದೀನಿ.’

ಅದು ನಿಜವಾಗಿತ್ತು. ನಾನು ಹೇಳಿಕೊಂಡದ್ದರಿಂದ ಅವನ ಬಿಸಿಲು ಕಡಿಮೆಯಾಗಿರಲಿಲ್ಲ.

ಮೇಡಂ ಅಲ್ಲಿಂದ ಸೀದಾ ಮ್ಯಾನೇಜರ್ ಕ್ಯಾಬಿನ್ನಿಗೆ ಹೋದರು. ನಾನು ಹೊರಗೆ ನಿಂತಿದ್ದೆ. ಅವರ ದನಿ ಯಾವ ಗಾಜಿಗೂ ತಡೆಯುವಂಥದ್ದಲ್ಲ. ‘ಮುಂದಿನ ಬುಧವಾರ ಒಂದು ತಾಸು ಬಂದು ಕುಂದ್ರಿ ಸಾರ್. ಮಾತಾಡಂಗಿಲ್ಲ, ಕೇಳೋದು ಅಷ್ಟ.’ ಮ್ಯಾನೇಜರ್ ಏನೋ ಹೇಳಿದರು. ‘ಟೈಮ್ ಇಲ್ಲಂದ್ರ ಬ್ಯಾಡ್ರಿ. ನಾನೂ ನಾಳಿಂದ ಹಾಳಿ ತರಂಗಿಲ್ಲ. ಕೆಳಗ ಏನು ನಡದೈತಿ ಅನ್ನೋದು ನಿಮಗ ಆಂಬುಲೆನ್ಸ್ ಬಂದಾಗ ಗೊತ್ತಾಗತೈತಿ.’

ಒಂದು ವಾರ ಬರಲಿಲ್ಲ. ಅದರ ಮುಂದಿನ ವಾರ ಮ್ಯಾನೇಜರ್ ಬಂದರು. ಅವರಿಗೆಂದು ಒಬ್ಬರು ಕುರ್ಚಿ ತರಲು ಹೋದಾಗ ಮೇಡಂ ಬೆಂಚನ್ನೇ ತೋರಿಸಿದರು. ದುರುಗಮ್ಮನ ಪಕ್ಕ ಜಾಗವಿತ್ತು. ಅಲ್ಲೇ ಕೂತರು.

‘ಹುಲಗಪ್ಪಾ, ಏನಾತು ಹೇಳು’ ಎಂದರು ಮೇಡಂ.

ಹುಲಗಪ್ಪ ಹೇಳಿದ. ಈ ಸಲ ಸ್ವಿಚ್ಚಿನಿಂದ ಶುರುಮಾಡಲಿಲ್ಲ. ‘ಮ್ಯಾಲ ಕುಂತ್ರ ಮಂದಿ ಮಾರಿ ಕಾಣಂಗಿಲ್ರಿ. ಹಳದಿ ಹೆಲ್ಮೆಟ್ ಅಷ್ಟ ಕಾಣತಾವು. ಆದ್ರ ನಡಿಗಿ ಮ್ಯಾಲ ಯಾರು ಅಂತ ಗುರ್ತು ಹಿಡೀತೀನಿ. ಎಡಗಾಲು ಎಳೆಯೋದು ವೆಲ್ಡರು. ಜಿಗಕೊಂತ ಹೋಗೋದು ನನ್ನ ಅಕ್ಕನ ಅಳಿಯ, ಸಂಡೂರಿಂದ ಬರ್ತಾನ, ಮಗಳು ಹುಟ್ಟಿ ಎರಡು ತಿಂಗಳಾತು. ಅವತ್ತು ಕೊಕ್ಕಿ ಮ್ಯಾಲ ಹೋತು, ನಿಲ್ಲಲಿಲ್ಲ. ನಾನ ಕೈಲೆ ನಿಲ್ಲಿಸಿದೆ. ಕೆಳಗ ನೋಡಿದ್ರ ಆ ಜಿಗಕೊಂತ ಹೋಗೋ ಹೆಲ್ಮೆಟ್ ನಡುವ ಬಂದು ನಿಂತಿತ್ತು, ಬೂಟಿನ ಲೇಸ್ ಕಟಗೋಂತ. ಅವಗ ಇನ್ನಾ ಗೊತ್ತಿಲ್ಲ. ಅವತ್ತಿಂದ ನಂಗ ಕಣ್ಣು ಮುಚ್ಚಿದ್ರ ಆ ಹೆಲ್ಮೆಟ್ಟ ಕಾಣತೈತ್ರಿ.’

ಮ್ಯಾನೇಜರ್ ಮಾತಾಡಬಾರದು ಎನ್ನುವ ಷರತ್ತು ಮರೆತರು. ‘ಇದನ್ನ ಯಾಕಪ್ಪ ನನಗೆ ಹೇಳಲಿಲ್ಲ?’

‘ಹೇಳಿದೆನಲ್ರೀ ಸಾರ್’ ಎಂದ ಹುಲಗಪ್ಪ. ‘ಅದಕ್ಕ ಸ್ಕ್ರ್ಯಾಪ್ ಯಾರ್ಡಿಗೆ ಹೋದೆ.’

ಯಾರೋ ಕಿಸಕ್ಕೆಂದು ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕ್ಷಮೆ ಕೇಳಲಿಲ್ಲ. ದುರುಗಮ್ಮ ತನ್ನ ಮುಂದಿದ್ದ ಟೀ ಲೋಟವನ್ನು ಅವರ ಕಡೆ ಸರಿಸಿದಳು. ಅವರು ಅದನ್ನು ಕುಡಿದು, ಎದ್ದು, ಹೊರಟುಹೋದರು.

ಮಾರನೆಯ ಬೆಳಿಗ್ಗೆ ಕ್ರೇನ್ ಅರ್ಧ ದಿನ ನಿಂತಿತು. ಹೊಸ ಸ್ವಿಚ್ಚು ಬಂತು. ಸೋಮವಾರ ಹುಲಗಪ್ಪ ಮತ್ತೆ ಮೇಲೆ ಹತ್ತಿದ. ಆ ಶಿಫ್ಟ್ ಸೂಪರ್‌ವೈಸರ್ ಮಾತ್ರ ಮೇಡಂ ನಿವೃತ್ತರಾಗುವ ತನಕ ಅವರೊಡನೆ ಮಾತಾಡಲಿಲ್ಲ. ಎದುರಿಗೆ ಬಂದರೆ ಮೇಡಂ ತಾವೇ ‘ಆರಾಮೇನ್ರಿ’ ಎನ್ನುತ್ತಿದ್ದರು. ಉತ್ತರ ಬರದಿದ್ದರೂ ಎನ್ನುತ್ತಿದ್ದರು.

ಆಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅವರೇ ನನ್ನನ್ನು ತಡೆದು ‘ಯಾವತ್ತು? ಯಾವುದು?’ ಎಂದು ಕೇಳುತ್ತಿದ್ದರು. ಎಷ್ಟೋ ಬುಧವಾರಗಳು ನೀರಸವಾಗಿ ಕಳೆದವು. ಕೆಲವರು ಬಂದದ್ದು ಮಿರ್ಚಿಗೇ. ಆದರೆ ಫೈಲಿನ ಹಾಳೆಗಳ ಕೊನೆಯ ಸಾಲು ಅಲ್ಲೊಂದು ಇಲ್ಲೊಂದು ಬದಲಾಗತೊಡಗಿತು. ‘ನಿಲ್ಲಸ್ರಿ ಅಂದೆ’ ಎಂದು ಒಬ್ಬ. ‘ಆಗಂಗಿಲ್ಲ ಅಂದೆ, ಅವರೂ ಹೂಂ ಅಂದ್ರು’ ಎಂದು ಇನ್ನೊಬ್ಬ. ಮೇಡಂ ಅವುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದರು, ಪರೀಕ್ಷೆಯ ಪೇಪರಿನಲ್ಲಿ ಸರಿ ಉತ್ತರ ಸಿಕ್ಕ ಮಾಸ್ತರರ ಹಾಗೆ. ನನ್ನ ರಾಜೀನಾಮೆ ಪತ್ರ ಜೇಬಿನಲ್ಲೇ ಒಗೆತಕ್ಕೆ ಹೋಗಿ ಮುದ್ದೆಯಾಯಿತು.

ನಿವೃತ್ತಿಯ ನಂತರ ಅವರು ಕಂಪ್ಲಿಗೆ ಹೋದರು. ಅವರ ನಂತರವೂ ಎರಡು ವರ್ಷ ಬುಧವಾರಗಳು ನಡೆದವು. ಆಡಳಿತ ಬದಲಾದ ಮೇಲೆ ಆ ರೂಮಿನಲ್ಲಿ ಕಂಪ್ಯೂಟರ್ ಇಟ್ಟರು, ಮೊಬೈಲಿನಲ್ಲಿ ಅಭಿಪ್ರಾಯ ತುಂಬುವ ಫಾರಂ ಬಂತು. ನಾನು ಹೊಸಪೇಟೆಯಲ್ಲಿ ಬೇರೆ ಕೆಲಸ ಹಿಡಿದೆ. ಫೋನ್ ಮಾಡಿ ಹೇಳಿದಾಗ ಅವರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ‘ರೂಮು ಹೋದ್ರ ಹೋಗ್ಲಿ ಬಿಡಪಾ. ನೀ ಹೋದಲ್ಲಿ ಬೆಂಚ್ ಅದಾವೇನು?’ ಎಂದರು.

ಅವರನ್ನು ಮಣ್ಣು ಮಾಡಿದ ದಿನ ನಾವು ಏಳೆಂಟು ಜನ ಹಳಬರು ಕಂಪ್ಲಿಗೆ ಹೋಗಿದ್ದೆವು. ವಾಪಸ್ ಬರುವಾಗ ಎಲ್ಲರೂ ಒಂದೇ ಖಾಸಗಿ ಬಸ್ಸು ಹತ್ತಿದೆವು. ಕಿಟಕಿಯಾಚೆ ಭತ್ತದ ಗದ್ದೆ, ಬಾಳೆಯ ತೋಟ. ದುರುಗಮ್ಮ ಶುರುಮಾಡಿದಳು. ಮೇಡಂ ತನ್ನ ಹಿಂಡಿಗೆ ಉಪ್ಪು ಜಾಸ್ತಿ ಎಂದು ಒಂದು ದಿನವೂ ಹೇಳದೆ ತಿಂದರಂತೆ, ಅವರಿಗೆ ಬೀಪಿ ಇದ್ದದ್ದು ತನಗೆ ಈಗ ಗೊತ್ತಾಯಿತಂತೆ. ನಗುತ್ತ ಹೇಳಿ ಕಣ್ಣೊರೆಸಿಕೊಂಡಳು. ಇನ್ನೊಬ್ಬ, ಅವರು ಭಾಳ ಹಟಮಾರಿ, ತನಗೆ ರಜೆ ಕೊಡದೆ ಕಾಡಿದ್ದರು ಎಂದ. ಯಾರೂ ಅವನ ಮಾತು ಅಲ್ಲಗಳೆಯಲಿಲ್ಲ.

ಹುಲಗಪ್ಪ ನನ್ನ ಪಕ್ಕ ಕೂತಿದ್ದ. ತಲೆ ಬೆಳ್ಳಗಾಗಿದೆ.

‘ನಿಮಗೊಂದು ಹೇಳಬೇಕ್ರಿ ಸಾರ್’ ಎಂದ. ‘ನೀವು ಅವತ್ತು ಬುಧವಾರ ಹೇಳಿದ್ರಲ್ಲ, ಅವತ್ತು ಮುಂಜಾನೆ ಮೇಡಂ ನಮ್ಮ ಮನಿಗೆ ಬಂದಿದ್ರು. ಕುರೆಕುಪ್ಪಕ್ಕ, ಬಸ್ಸಿಗೆ.’

‘ಯಾಕ?’

‘ನಾ ಬರಂಗಿಲ್ಲ ಅಂದಿದ್ದೆ. ನಿಮ್ಮ ಮಾರಿ ನೋಡಂಗಿಲ್ಲ ಅಂತ ಮಂದಿ ಮುಂದ ಅಂದಿದ್ದೆ. ಅದು ಅವರ ಕಿವಿಗೆ ಬಿದ್ದಿತ್ತು. ಬಂದು ನಮ್ಮ ಕಟ್ಟಿ ಮ್ಯಾಲ ಕುಂತು ಏನಂದ್ರು ಗೊತ್ತೇನ್ರಿ? ಹುಡುಗ ಇವತ್ತು ಬಾಯಿ ಬಿಡ್ತಾನ, ನೀ ಬಾ. ಮಾಫ್ ಮಾಡಬೇಕಂತ ಏನಿಲ್ಲ. ಬೈಬೇಕು ಅನಿಸಿದ್ರ ಬೈ. ಆದ್ರ ಆತ ಹೇಳಿ ಮುಗಿಸೋತನಕ ಎದ್ದು ಹೋಗಬ್ಯಾಡ ಅಂದ್ರು. ಆ ವಾರದಾಗ ಉಳಿದೋರ ಮನಿಗೂ ಹೋಗಿದ್ರು. ಪ್ರತಿ ಒಬ್ಬರ ಮನಿಗೂ.’

ಆ ದಿನ ತುಂಬಿದ್ದ ಬೆಂಚುಗಳನ್ನು ನೋಡಿ, ನನ್ನ ಮಾತು ಕೇಳಲು ಜನ ತಾವಾಗಿ ಬಂದಿದ್ದಾರೆ ಎಂದುಕೊಂಡಿದ್ದೆ. ಅಷ್ಟು ವರ್ಷವೂ ಹಾಗೇ ನಂಬಿದ್ದೆ. ನಾನು ಧೈರ್ಯ ಮಾಡಿದ ಒಂದೇ ಒಂದು ದಿನ ಅದು ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

‘ಇಷ್ಟು ದಿನ ಯಾಕ ಹೇಳಲಿಲ್ಲೋ ಹುಲಗಪ್ಪಾ?’

‘ಹೇಳಬ್ಯಾಡ ಅಂದಿದ್ರು. ನಾ ಇರೋತನಕ ಆತಗ ಹೇಳಬ್ಯಾಡ, ತಾನ ಮಾಡಿದೆ ಅಂತ ಅನಕೊಂಡಿರ್ಲಿ, ಆ ಧೈರ್ಯ ಅವಗ ಮುಂದ ಬೇಕಾಗತೈತಿ ಅಂದ್ರು.’ ಹುಲಗಪ್ಪ ಕಿಟಕಿಯ ಕಡೆ ತಿರುಗಿದ. ‘ಈಗ ಅವರಿಲ್ಲಲ್ರಿ.’

ಬಸ್ಸು ಹೊಸಪೇಟೆ ಸ್ಟ್ಯಾಂಡಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ವೆಲ್ಡರ್ ತನ್ನದನ್ನು ಆಗಷ್ಟೇ ಶುರುಮಾಡಿದ್ದ, ಅರ್ಧ ತೆಲುಗು ಅರ್ಧ ಕನ್ನಡ. ಯಾರೂ ಏಳಲಿಲ್ಲ. ಕಂಡಕ್ಟರ್ ಬಾಗಿಲು ಬಡಿದು, ‘ಇಳೀರ್ರಿ, ಗಾಡಿ ಹಿಂದಕ ಹೋಗಬೇಕು’ ಎಂದು ಕೂಗಿದ. ‘ಒಂದು ನಿಮಿಷ ತಡೀಪಾ’ ಎಂದಳು ದುರುಗಮ್ಮ. ‘ಆತನದು ಇನ್ನಾ ಮುಗಿದಿಲ್ಲ.’